ಎರಡನೇ ಪಂಕ್ತಿ

ಕಡೂರಿನ ಪಂಚಾಕ್ಷರಪ್ಪನ ಜವಳಿ ಅಂಗಡಿಯಲ್ಲಿ ಮಧ್ಯಾಹ್ನದ ಊಟ ನಿಂತುಹೋದದ್ದು ಅವನ ಹೆಂಡತಿ ಮಲ್ಲಿಕಾಂಬಳಿಂದಲೇ ಎಂದು ಅಂಗಡಿಯವರೆಲ್ಲ ತಿಳಿದುಕೊಂಡಿದ್ದರು. ಮಲ್ಲಿಕಾಂಬಳಿಗೆ ಮಾತ್ರ ಆ ಸುದ್ದಿ ಎಲ್ಲರಿಗಿಂತ ಕೊನೆಗೆ ಮುಟ್ಟಿತು.

ಅಂಗಡಿ ರಸ್ತೆಗೆ, ಮನೆ ಅದರ ಬೆನ್ನಿಗೆ. ನಡುವೆ ಒಂದು ಬಾಗಿಲು. ಬಾಗಿಲು ದಾಟಿದರೆ ಉದ್ದನೆಯ ಪಡಸಾಲೆ, ಅಲ್ಲಿ ಅಂಗಡಿಯವರಿಗೆಲ್ಲ ಊಟ. ಮದುವೆ ಜವಳಿಗೆ ಬಂದವರು ಹೊತ್ತುಗೊತ್ತು ನೋಡುವುದಿಲ್ಲ, ಬಾಗಿಲು ಹಾಕಿಕೊಂಡು ಉಣ್ಣಲು ಆಗುವುದಿಲ್ಲ. ಅದಕ್ಕೇ ಎರಡು ಪಂಕ್ತಿ. ಮೊದಲನೆಯವರು ಉಂಡು ಹೋಗಿ ಕೌಂಟರ್ ಹಿಡಿದ ಮೇಲೆ ಎರಡನೆಯವರು ಒಳಗೆ ಬರುವುದು. ಯಜಮಾನ ಪಂಚಾಕ್ಷರಪ್ಪ ಯಾವಾಗಲೂ ಎರಡನೇ ಪಂಕ್ತಿಯಲ್ಲೇ ಕೂರುತ್ತಿದ್ದ. ತಾನು ಮೊದಲೇ ಉಂಡುಬಿಟ್ಟರೆ ಉಳಿದವರಿಗೆ ತಳದ ಸಾರು ಮತ್ತು ಆತುರದ ಊಟ ಎಂಬುದು ಅವನಿಗೆ ಗೊತ್ತಿತ್ತು. ಯಜಮಾನನೇ ತಟ್ಟೆಯ ಮುಂದೆ ಕೂತಿರುವಾಗ ಬೇಗ ಏಳಿ ಎನ್ನುವವರು ಯಾರು?

ಹಾಗೆಂದು ಪಂಚಾಕ್ಷರಪ್ಪ ದೊಡ್ಡ ಸಂತನೇನೂ ಅಲ್ಲ. ಬಾಯಿ ಬಿಟ್ಟರೆ ಬೈಗುಳ. ಯಾರದಾದರೂ ಸಂಬಳ ಏರಿಸುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಆದರೂ ಅಂಗಡಿ ಸೇರಿದವರು ಬಿಟ್ಟುಹೋಗುತ್ತಿರಲಿಲ್ಲ. ಅಜ್ಜಂಪುರದ ಸುರೇಶ ಮೀಸೆ ಮೂಡುವ ಮೊದಲು ಬಂದವನು, ಈಗ ಕಿವಿಯ ಹತ್ತಿರ ನರೆತಿದ್ದ. ಬೀರಯ್ಯ ಪಂಚೆ ಕೌಂಟರಿನಲ್ಲಿ ನಿಂತೇ ಮುದುಕನಾಗುತ್ತಿದ್ದ.

ಅದಕ್ಕೆ ಕಾರಣ ಮಲ್ಲಿಕಾಂಬ ಎಂದು ಯಾರೂ ಹೇಳಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಬಡಿಸುವವಳಿಗೆ ಕಾಣುವುದು ಗಲ್ಲಾದಲ್ಲಿ ಕೂತವನಿಗೆ ಕಾಣುವುದಿಲ್ಲ. ಯಾರು ಮುದ್ದೆ ಅರ್ಧಕ್ಕೇ ಬಿಟ್ಟರು, ಯಾರು ತಲೆ ಎತ್ತದೆ ಉಂಡರು ಎಂಬುದೆಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಸಂಜೆ ಗಂಡ ಒಳಗೆ ಬಂದ ಕೂಡಲೇ ವಿಚಾರಣೆ.

"ಸುರೇಶ ಇವತ್ತು ಮಜ್ಜಿಗೆ ಬೇಡ ಅಂದ ಕಣ್ರೀ. ಏನಂದ್ರಿ ಅವನಿಗೆ?"

"ನಾನೇನಂದೆ? ಸೀರೆ ಮಡಿಕೆ ಕೆಡಿಸಿದ್ದ. ಕತ್ತೆ ಅಂದೆ."

"ಗಿರಾಕಿಗಳ ಎದುರಿಗೆ ಅಂದ್ರಾ?"

ಪಂಚಾಕ್ಷರಪ್ಪ ಮಾರನೇ ದಿನ ಪಂಕ್ತಿಯಲ್ಲಿ ಸುರೇಶನ ಪಕ್ಕಕ್ಕೇ ಹೋಗಿ ಕೂತು, "ಲೇ, ಇವತ್ತಾದ್ರೂ ಮಜ್ಜಿಗೆ ಹಾಕಿಸ್ಕೊಳ್ಳಪ್ಪಾ. ನೀನು ಬೇಡ ಅಂದ್ರೆ ನಂಗೆ ಮನೇಲಿ ನೆಮ್ಮದಿ ಇಲ್ಲ" ಅನ್ನುತ್ತಿದ್ದ. ಪಂಕ್ತಿಯಲ್ಲಿದ್ದವರೆಲ್ಲ ನಗುತ್ತಿದ್ದರು, ಸುರೇಶನೂ ನಗುತ್ತಿದ್ದ. ಅಲ್ಲಿಗೆ ಅದು ಮುಗಿಯುತ್ತಿತ್ತು.

ಕಸ ಗುಡಿಸಿ ಬಟ್ಟೆ ಮಡಚುವ ಹುಲಿಯಮ್ಮ ಮಾತ್ರ ಎರಡು ಪಂಕ್ತಿಯಲ್ಲೂ ಇರುತ್ತಿರಲಿಲ್ಲ. ತನ್ನ ತಟ್ಟೆಗೆ ಹಾಕಿಸಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಅದು ಹಾಗೇ ನಡೆದುಬಂದಿತ್ತು. ಅವಳಿಗೆ ಕೂರಬೇಡ ಎಂದವರಿಲ್ಲ, ಕೂತುಕೋ ಎಂದವರೂ ಇಲ್ಲ.

ಪಂಚಾಕ್ಷರಪ್ಪನ ಮಂಡಿ ಕೈಕೊಟ್ಟ ಮೇಲೆ ಮಗ ರೇಣುಕಪ್ರಸಾದ್ ಗಲ್ಲಾಕ್ಕೆ ಬಂದ. ದಾವಣಗೆರೆಯ ದೊಡ್ಡ ಮಳಿಗೆಯೊಂದರಲ್ಲಿ ಮ್ಯಾನೇಜರ್ ಆಗಿದ್ದವನು. ಅವನು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಂದವನೇ ಎಲ್ಲರ ಸಂಬಳ ಏರಿಸಿದ. ವಾರದ ರಜೆ ಕೊಟ್ಟ. ಹುಲಿಯಮ್ಮನನ್ನೂ 'ನೀವು' ಎಂದ. ಅವಳು ಹಿಂದೆ ತಿರುಗಿ ಯಾರು ಬಂದರೆಂದು ನೋಡಿದಳು. ಆದರೆ ಮುಖ ನೋಡಿ ಮಾತಾಡುವುದು ಅವನಿಗೆ ಒಗ್ಗುತ್ತಿರಲಿಲ್ಲ. ಕ್ಯಾಮೆರಾ ಹಾಕಿಸಿದ, ವಾಟ್ಸಾಪಿನಲ್ಲಿ ಗುಂಪು ಮಾಡಿದ. ಬೀರಯ್ಯ ಕಣ್ಣೆದುರಿಗೇ ನಿಂತಿದ್ದರೂ ಗುಂಪಿನಲ್ಲಿ ಬರೆಯುತ್ತಿದ್ದ: 'ಬೀರಯ್ಯನವರೇ, ಪಂಚೆ ಕೌಂಟರ್ ಕಡೆ ಗಮನವಿರಲಿ.' ಬೀರಯ್ಯ ಕನ್ನಡಕ ಹುಡುಕಿ, ಹಾಕಿಕೊಂಡು, ಓದಿ, ಗಲ್ಲಾದ ಕಡೆ ನೋಡುವಷ್ಟರಲ್ಲಿ ಹೊಸ ಯಜಮಾನ ಬೇರೆ ಏನನ್ನೋ ಬರೆಯುತ್ತಿರುತ್ತಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅನ್ನದ ತಪ್ಪಲೆ ಇಳಿಸುವಾಗ ಮಲ್ಲಿಕಾಂಬಳ ಸೊಂಟ ಹಿಡಿದುಕೊಂಡಿತು. ನೀರು ಕುಡಿಯಲು ಬಂದ ಮಗ ನೋಡಿದ.

"ಏನಾಯ್ತಮ್ಮ?"

"ಏನಿಲ್ಲ ಕಣೋ, ಸೊಂಟ."

"ಈ ವಯಸ್ಸಲ್ಲಿ ಇಷ್ಟು ಜನಕ್ಕೆ ಬೇಯಿಸ್ಬೇಕಾ ನೀನು?"

"ಇನ್ಯಾರು ಬೇಯಿಸ್ತಾರೆ?" ಎಂದಳು. ನೋವಿನಲ್ಲಿ ಬಂದ ಮಾತು, ಅದರಲ್ಲಿ ಬೇರೇನೂ ಇರಲಿಲ್ಲ.

ಅವತ್ತು ರಾತ್ರಿ ಮನೆಯವರೆಲ್ಲ ಊಟಕ್ಕೆ ಕೂತಾಗ ರೇಣುಕಪ್ರಸಾದ್ ಹೇಳಿದ. "ನಾಳೆಯಿಂದ ಸ್ಟಾಫಿಗೆ ಮನೆ ಊಟ ನಿಲ್ಲಿಸ್ತಿದೀನಿ. ಬಸ್‌ಸ್ಟ್ಯಾಂಡ್ ಹೋಟ್ಲವರ ಹತ್ರ ಮಾತಾಡಿದೀನಿ. ಟೋಕನ್ ಕೊಡೋದು, ಹೋಗಿ ಊಟ ಮಾಡ್ಕೊಂಡು ಬರೋದು."

ಪಂಚಾಕ್ಷರಪ್ಪ ತುತ್ತನ್ನು ಕೈಯಲ್ಲೇ ಹಿಡಿದ. "ಯಾರನ್ನ ಕೇಳ್ದೆ?"

"ಕೇಳೋದೇನಪ್ಪ? ಅಮ್ಮನ ಸೊಂಟದ ಗತಿ ನೋಡಿದೀರಾ?"

"ಸೊಂಟಕ್ಕೆ ಎಣ್ಣೆ ಹಚ್ಚೋಣ. ಅಡಿಗೆಗೆ ಒಬ್ಬಳನ್ನ ಗೊತ್ತು ಮಾಡು."

"ಅದನ್ನೂ ಯೋಚನೆ ಮಾಡ್ದೆ. ಅವಳ ಸಂಬಳ, ಗ್ಯಾಸು, ದಿನಸಿ, ಅದಕ್ಕಿಂತ ಟೋಕನ್ನೇ ವಾಸಿ. ಅದೂ ಅಲ್ದೆ ಊಟದ ಹೆಸರಲ್ಲಿ ಅರ್ಧ ಗಂಟೆ ಹರಟೆ."

"ಹರಟೆ ಅಲ್ಲ ಕಣೋ ಅದು."

"ಮತ್ತೇನು?"

ಪಂಚಾಕ್ಷರಪ್ಪನಿಗೆ ಅದನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ತುತ್ತು ಬಾಯಿಗೆ ಹಾಕಿಕೊಂಡ. ಸೊಸೆ ಸ್ಫೂರ್ತಿ ಅತ್ತೆಯ ಕಡೆ ತಿರುಗಿ, "ನೀವೇನಂತೀರಿ ಅತ್ತೆ?" ಎಂದು ಕೇಳಿದಳು.

ಮಲ್ಲಿಕಾಂಬ ಏನೂ ಅನ್ನಲಿಲ್ಲ. ಮಗ ತನ್ನ ನೋವು ನೋಡಿದನಲ್ಲ ಎಂದು ಒಳಗೊಳಗೇ ಹಿಗ್ಗಿದ್ದಳು, ಸುಳ್ಳೇಕೆ ಹೇಳಬೇಕು. ಅದಕ್ಕಿಂತ ಹೆಚ್ಚಾಗಿ ಅವಳಿಗೊಂದು ಧೈರ್ಯವಿತ್ತು. ಹೋಟೆಲಿನ ಟೋಕನ್ನನ್ನು ಯಾರು ಒಪ್ಪುತ್ತಾರೆ? ಸುರೇಶ ಬಾಗಿಲು ದಾಟಿ ಬಂದು ಇದೇನಮ್ಮ ಎಂದು ಕೇಳಿಯೇ ಕೇಳುತ್ತಾನೆ. ಆಗ ಮಗನಿಗೆ ಹೇಳಿದರಾಯಿತು. ಅವರೇ ಬಂದು ಕೇಳಲಿ ಎಂದು ಕಾದಳು. ಅವಳು ಮಾಡಿದ ತಪ್ಪು ಅದು.

ಯಾರೂ ಕೇಳಲಿಲ್ಲ. ಮಾರನೇ ದಿನ ಊಟದ ಹೊತ್ತಿಗೆ ಮಲ್ಲಿಕಾಂಬ ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದಳು. ಬಾಗಿಲ ಆಚೆ ಚಪ್ಪಲಿ ಸದ್ದಾಯಿತು, ಮೆಟ್ಟಿಲಿಳಿದು ರಸ್ತೆಯ ಕಡೆ ಹೋಯಿತು. ಅದರ ಮಾರನೇ ದಿನವೂ ಹಾಗೇ. ವಾರ ಕಳೆಯುವಷ್ಟರಲ್ಲಿ ಬಾಗಿಲಿಗೆ ಅಡ್ಡಲಾಗಿ ಅಂಗಡಿಯ ಕಡೆಯಿಂದ ಹೊಸ ಸರಕಿನ ಪೆಟ್ಟಿಗೆಗಳು ಬಂದು ಕೂತವು. ಜಾಗ ಸುಮ್ಮನೆ ಹಾಳಾಗುತ್ತಿತ್ತು ಎಂದ ರೇಣುಕಪ್ರಸಾದ್.

ನಾಲ್ಕು ಜನಕ್ಕೆ ಅಡಿಗೆ ಮಾಡುವುದು ಮಲ್ಲಿಕಾಂಬಳಿಗೆ ಮರೆತುಹೋಗಿತ್ತು. ಉಪ್ಪು ಹೆಚ್ಚಾಗುತ್ತಿತ್ತು, ಇಲ್ಲವೇ ಅನ್ನ ಉಳಿಯುತ್ತಿತ್ತು. ಅವಳನ್ನು ಬಿಟ್ಟರೆ ಉಳಿದ ಮೂವರೂ ಮಧ್ಯಾಹ್ನ ಮನೆಯಲ್ಲಿ ಇರುತ್ತಿರಲಿಲ್ಲ. ಸ್ಫೂರ್ತಿ ತರೀಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವವಳು, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಮಗ ಡಬ್ಬಿಯನ್ನು ಗಲ್ಲಾಕ್ಕೇ ತರಿಸಿಕೊಂಡು ಕ್ಯಾಮೆರಾದ ಪರದೆ ನೋಡುತ್ತಾ ಉಣ್ಣುತ್ತಿದ್ದ. ಪಂಚಾಕ್ಷರಪ್ಪ ರೈಲ್ವೆ ಸ್ಟೇಷನ್ನಿನ ಬೆಂಚಿಗೆ ಹೋಗಿ ಕೂತರೆ ಹಸಿವೆ ಎನ್ನುವುದೇ ಮರೆತವನಂತೆ ಹೊತ್ತು ಕಳೆಯುತ್ತಿದ್ದ. ಅಂಗಡಿಗೆ ಕಾಲಿಡುತ್ತಿರಲಿಲ್ಲ. ನೀವು ಅಲ್ಲಿದ್ದರೆ ಅವರು ನನ್ನ ಮಾತು ಕೇಳುವುದಿಲ್ಲ ಎಂದು ಮಗ ಹೇಳಿದ್ದು ಅವನ ಮನಸ್ಸಿನಲ್ಲಿ ಕೂತಿತ್ತು.

ಮಲ್ಲಿಕಾಂಬ ಒಬ್ಬಳೇ ತಟ್ಟೆ ಹಾಕಿಕೊಂಡು ಕೂರುತ್ತಿದ್ದಳು. ಗೋಡೆಯ ಆಚೆ ಮಾತು ಕೇಳುತ್ತಿತ್ತು. ಯಾರ ದನಿ ಎಂದು ಗೊತ್ತಾಗುತ್ತಿತ್ತು, ಏನು ಮಾತು ಎಂದು ಗೊತ್ತಾಗುತ್ತಿರಲಿಲ್ಲ. ಸೊಂಟಕ್ಕೆ ಬಿಡುವು ಸಿಕ್ಕಿದ್ದು ನಿಜ. ನೋವು ಮಾತ್ರ ಇದ್ದ ಹಾಗೇ ಇತ್ತು.

ಮೊದಲು ಬಿಟ್ಟವನು ಬೀರಯ್ಯ. ಕಣ್ಣು ಸರಿಯಿಲ್ಲ, ಫೋನಿನಲ್ಲಿ ಓದಲು ಆಗುವುದಿಲ್ಲ ಎಂದು ಸಖರಾಯಪಟ್ಟಣದ ತನ್ನ ಮನೆಗೆ ಹೋಗಿಬಿಟ್ಟ. ಆಮೇಲೆ ರೆಡಿಮೇಡ್ ವಿಭಾಗದ ಹುಡುಗಿ. ಅವಳ ಬದಲಿಗೆ ಬಂದವಳು ಹದಿನೈದು ದಿನ ಇದ್ದಳೋ ಇಲ್ಲವೋ.

"ಸಂಬಳ ಏರಿಸಿದೀನಿ, ರಜ ಕೊಟ್ಟಿದೀನಿ" ಎಂದ ರೇಣುಕಪ್ರಸಾದ್ ಊಟಕ್ಕೆ ಕೂತಾಗ. "ಒಬ್ರಿಗೂ ಏನೋ, ಯಾಕೋ ಅಂದಿಲ್ಲ. ನೀವು ಬೈದಿದ್ರಲ್ಲಿ ಒಂದು ಭಾಗನೂ ನಾನು ಬೈದಿಲ್ಲ."

"ನಾನು ಬೈದಿದ್ದು ಮುಖಕ್ಕೆ" ಎಂದ ಪಂಚಾಕ್ಷರಪ್ಪ. "ಬೈದು ಅದೇ ಮುಖದ ಎದುರಿಗೆ ಕೂತು ಉಣ್ತಿದ್ದೆ. ಬೈದ ಮೇಲೆ ಉಣ್ಣೋದು ಎಷ್ಟು ಕಷ್ಟ ಅಂತ ನಿಂಗೆ ಗೊತ್ತಾ? ಅದಕ್ಕೇ ನಾಳೆ ಸ್ವಲ್ಪ ಕಮ್ಮಿ ಬೈಯೋಣ ಅನ್ನಿಸ್ತಿತ್ತು."

"ಕಮ್ಮಿ ಬೈದಿದ್ದನ್ನ ನಾನು ನೋಡ್ಲಿಲ್ಲಪ್ಪ."

ಸ್ಫೂರ್ತಿಗೆ ನಗು ಬಂತು, ತಡೆದುಕೊಂಡಳು. ಅವಳಿಗೂ ತನ್ನದೇ ಒಂದು ಸಂಕಟವಿತ್ತು. ಆ ವಾರವೇ ಅದನ್ನು ಹೊರಗೆ ಹಾಕಿದಳು. "ನಮ್ಮ ಪ್ರಿನ್ಸಿಪಾಲರು ಸ್ಟಾಫ್ ಗ್ರೂಪಲ್ಲಿ ಹಾಕಿದಾರೆ. 'ಕೆಲವರಿಗೆ ಬಸ್ಸು ದಿನಾ ತಡ' ಅಂತ. ಬಸ್ಸಲ್ಲಿ ಬರೋಳು ನಾನೊಬ್ಬಳೇ. ಎಲ್ರೂ ಓದಿದ್ರು, ಒಬ್ರೂ ಮಾತಾಡ್ಲಿಲ್ಲ. ನಾಳೆ ಕಾಲೇಜಿಗೆ ಹೋಗೋಕೆ ಕಾಲೇ ಏಳ್ತಿಲ್ಲ."

ರೇಣುಕಪ್ರಸಾದ್ ಕೆಂಡವಾದ. "ಮನುಷ್ಯನಾ ಅವನು? ಏನಿದ್ರೂ ಕರೆದು ಹೇಳ್ಬೇಕು. ನಾಲ್ಕು ಜನರ ಎದುರಿಗೆ ಹಂಗೆ ಮಾಡಿದ್ರೆ ಯಾರಿಗೆ ಕೆಲಸ ಮಾಡೋಕೆ ಮನಸ್ಸು ಬರುತ್ತೆ? ಬಿಟ್ಬಿಡು ಆ ಕೆಲಸ."

ಪಂಚಾಕ್ಷರಪ್ಪ ನಗಲು ಶುರುಮಾಡಿ ಕೆಮ್ಮಿನಲ್ಲಿ ಮುಗಿಸಿದ. ಮಲ್ಲಿಕಾಂಬ ನೀರು ತಂದುಕೊಟ್ಟಳು. ಯಾಕೆ ನಕ್ಕಿರಿ ಎಂದು ಮಗ ಕೇಳಿದ. ನೆತ್ತಿಗೆ ಹತ್ತಿತು ಎಂದು ಹೇಳಿ ಪಂಚಾಕ್ಷರಪ್ಪ ಎದ್ದು ಕೈ ತೊಳೆದ.

ಮಾಘದ ಮದುವೆಗಳ ಜವಳಿ ಶುರುವಾಯಿತು. ಜನ ಕಡಿಮೆಯಾಗಿ, ಇದ್ದವರ ಮೇಲೆ ಭಾರ ಹೆಚ್ಚಾಗಿತ್ತು. ಒಂದು ಸಂಜೆ ಸ್ಫೂರ್ತಿ ಅತ್ತೆಯ ಕೈಗೆ ಫೋನ್ ಕೊಟ್ಟಳು. ಅಂಗಡಿಯ ಗುಂಪಿನಲ್ಲಿ ಅವಳೂ ಇದ್ದಳು. ಕ್ಯಾಮೆರಾದಿಂದ ತೆಗೆದ ಚಿತ್ರ: ಸೀರೆ ಕೌಂಟರಿನ ಹಿಂದೆ ಸುರೇಶ ಸ್ಟೂಲಿನ ಮೇಲೆ ಕೂತಿದ್ದಾನೆ, ಕಣ್ಣು ಮುಚ್ಚಿದೆ. ಸುತ್ತಲೂ ಕೆಂಪು ಗೆರೆ. ಕೆಳಗೆ, 'ಗ್ರಾಹಕರಿರುವಾಗ ಕೂರುವುದು ಬೇಡ. ಎಲ್ಲರಿಗೂ ಅನ್ವಯ.'

"ರೀ, ಇದನ್ನ ಕರೆದು ಹೇಳ್ಬಹುದಿತ್ತಲ್ವಾ?" ಎಂದಳು ಸ್ಫೂರ್ತಿ, ಗಂಡ ಒಳಗೆ ಬರುತ್ತಿದ್ದಂತೆ.

"ಅವರಿಗೆ ಬೇಜಾರಾ‌ಗ್ಬಾರ್ದು ಅಂತ್ಲೇ ಹೆಸರು ಹಾಕಿಲ್ಲ."

"ಮುಖ ಕಾಣುತ್ತಲ್ಲ. ನಮ್ಮ ಪ್ರಿನ್ಸಿಪಾಲರೂ ಹೆಸರು ಹಾಕಿರ್ಲಿಲ್ಲ."

"ಅದೇ ಬೇರೆ, ಇದೇ ಬೇರೆ" ಎಂದ ರೇಣುಕಪ್ರಸಾದ್. ಹೇಗೆ ಬೇರೆ ಎಂದು ಅವಳು ಕೇಳಿದ್ದಕ್ಕೆ, ಸುಸ್ತಾಗಿದೆ, ಊಟ ಹಾಕಿ ಎಂದ.

ಸುರೇಶ ಜಗಳ ಮಾಡಲಿಲ್ಲ. ಗುಂಪಿನಲ್ಲೇ ಎರಡು ಸಾಲು ಬರೆದು ತಿಂಗಳ ಕೊನೆಗೆ ಬಿಡುವುದಾಗಿ ತಿಳಿಸಿದ. ಅವನ ಕೊನೆಯ ದಿನ ಮಲ್ಲಿಕಾಂಬ ಅವನಿಗಿಷ್ಟವಾದ ಹುರುಳಿಕಾಳಿನ ಸಾರು ಮಾಡಿದಳು. ಅಂಗಡಿಯ ಕಡೆ ಬಾಗಿಲು ಮುಚ್ಚಿದ್ದರೇನು, ಸುತ್ತಿ ಬಂದರೆ ಮನೆಯ ಮುಂಬಾಗಿಲಿದೆ. ಒಂದು ಮಾತು ಹೇಳದೆ ಹೋಗುವವನಲ್ಲ ಅವನು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಅಂಗಡಿಯ ಶಟರ್ ಇಳಿದ ಸದ್ದು ಕೇಳಿತು. ಸಾರು ಒಲೆಯ ಮೇಲೇ ಉಳಿಯಿತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಆ ಸಿಟ್ಟನ್ನು ಮಾರನೇ ದಿನ ಹಿತ್ತಲು ಗುಡಿಸಲು ಬಂದ ಹುಲಿಯಮ್ಮನ ಮೇಲೆ ಕಾರಿಕೊಂಡಳು. "ಇಷ್ಟು ವರ್ಷ ನನ್ನ ಕೈಯಲ್ಲಿ ಉಂಡವನು ಕಣೇ. ಹೋಗ್ತೀನಮ್ಮ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ಅವನಿಗೆ?"

ಹುಲಿಯಮ್ಮ ಪೊರಕೆ ನಿಲ್ಲಿಸಿದಳು. "ನೀವೇ ಬ್ಯಾಡ ಅಂದ್ಮ್ಯಾಲೆ ಅವ್ರು ಹೆಂಗೆ ಬತ್ತಾರಮ್ಮ?"

"ನಾನೇನು ಬೇಡ ಅಂದೆ?"

"ಊಟ. ಅಮ್ಮಂಗೆ ನಿಮಗೆಲ್ಲ ಬೇಯ್ಸಿ ಸಾಕಾಗೈತಂತೆ, ಇನ್ಮ್ಯಾಲೆ ಯಾರೂ ಒಳಗೆ ಬರೋದು ಬ್ಯಾಡ ಅಂದವ್ರೆ ಅಂತ ಸಣ್ ಯಜಮಾನ್ರು ಎಲ್ರುನೂ ನಿಲ್ಲಿಸ್ಕಂಡು ಹೇಳಿದ್ರು. ಸುರೇಶಣ್ಣ ಅವತ್ತು ಟೋಕನ್ನೂ ಇಸ್ಕಳ್ಳಿಲ್ಲ. ನೀರು ಕುಡ್ಕಂಡು ಕುಂತಿದ್ರು."

ಮಲ್ಲಿಕಾಂಬ ಹಿತ್ತಲಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಆಮೇಲೆ, "ಬಾ, ಒಳಗೆ ಬಂದು ಕೂತ್ಕೊ. ನಿನ್ನೆಯ ಸಾರಿದೆ, ಬಿಸಿ ಅನ್ನ ಇದೆ. ಜೊತೇಲಿ ಉಣ್ಣೋಣ" ಎಂದಳು.

"ಬ್ಯಾಡಮ್ಮ. ನಂಗೆ ಟೋಕನ್ ಐತೆ." ಹುಲಿಯಮ್ಮನ ದನಿಯಲ್ಲಿ ಕೊಂಕಿರಲಿಲ್ಲ. "ಹೋಟ್ಲಾಗೆ ಮೇಜಿನ ಮ್ಯಾಲೆ ತಟ್ಟೆ ಇಕ್ತಾರೆ. ಫ್ಯಾನ್ ಐತೆ. ಪಕ್ಕದಾಗೆ ಯಾರು ಬಂದು ಕುಂತ್ರೂ ಏಳು ಅನ್ನಾಕಿಲ್ಲ."

ಅವಳು ಮತ್ತೆ ಗುಡಿಸತೊಡಗಿದಳು. ಪಡಸಾಲೆಯ ಸಾಲಿನಲ್ಲಿ ಹುಲಿಯಮ್ಮ ಯಾವತ್ತೂ ಕೂತಿರಲಿಲ್ಲ ಎನ್ನುವುದು ಮಲ್ಲಿಕಾಂಬಳಿಗೆ ಹೊಸ ವಿಷಯವಲ್ಲ. ಅದು ಹುಲಿಯಮ್ಮನಿಗೂ ಗೊತ್ತಿತ್ತು ಎನ್ನುವುದು ಹೊಸದಾಗಿತ್ತು. ಅವಳಿಗೆ ತುಂಬ ನಾಚಿಕೆಯಾಯಿತು. ಸುರೇಶನ ಹಾಗೆ ಅವಳೂ ಅವತ್ತು ಊಟ ಮಾಡಲಿಲ್ಲ.

ಗಂಡನಿಗೆ ಹೇಳಿದಳು. ತರೀಕೆರೆಗೆ ಹೋಗಿ ಸುರೇಶನನ್ನು ಕರೆದು ತನ್ನಿ ಎಂದಳು. ಅಲ್ಲಿಯ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದಿದ್ದ ಜವಳಿ ಶೋರೂಮಿಗೆ ಅವನು ಸೇರಿದ್ದನ್ನು ಸ್ಫೂರ್ತಿ ನೋಡಿ ಬಂದಿದ್ದಳು.

"ನಾನು ಹೋಗಿ ಕರೆದ್ರೆ ಬರ್ತಾನೆ" ಎಂದ ಪಂಚಾಕ್ಷರಪ್ಪ. "ಬಂದ ಮೇಲೆ ಇವನ ಮಾತು ಯಾರು ಕೇಳ್ತಾರೆ? ಗಲ್ಲಾದಲ್ಲಿ ಕೂರಿಸಿರೋದು ನಾನೇ. ನಾನೇ ಹೋಗಿ ಕೆಳಗಿಳಿಸ್ಲಾ?"

"ಹಂಗಾದ್ರೆ ನಾನು ಹೋಗ್ತೀನಿ."

"ಹೋಗು. ನಿನ್ನ ಹೆಸರಲ್ಲೇ ಆಗಿರೋದು."

ಹೊರಡುವ ಬೆಳಿಗ್ಗೆ ರೇಣುಕಪ್ರಸಾದ್ ಬಸ್‌ಸ್ಟ್ಯಾಂಡಿನವರೆಗೂ ಬಂದ. ಮುಖ ಇಳಿದುಹೋಗಿತ್ತು. ಹಿಂದಿನ ದಿನ ಅಂತರಘಟ್ಟೆಯಿಂದ ಒಂದು ಮದುವೆಯವರು ಟೆಂಪೋ ತುಂಬಾ ಬಂದು, ಸುರೇಶ ಇಲ್ಲವೇ ಎಂದು ಕೇಳಿ, ನೀರು ಸಹ ಕುಡಿಯದೆ ವಾಪಸು ಹತ್ತಿದ್ದರು. ತಾಯಿ ತರೀಕೆರೆಗೆ ಯಾಕೆ ಹೋಗುತ್ತಿದ್ದಾಳೆಂದು ಅವನು ಕೇಳಲಿಲ್ಲ. "ಸುರೇಶ ಸಿಕ್ರೆ ಹೇಳಮ್ಮ. ಸಂಬಳ ಎಷ್ಟು ಬೇಕಾದ್ರೂ ಏರಿಸ್ತೀನಿ ಅಂತ" ಎಂದ. ಮಲ್ಲಿಕಾಂಬ ಸೊಸೆಯ ಜೊತೆ ಬಸ್ಸು ಹತ್ತಿದಳು. ಮಗನ ಜೊತೆ ಅವಳು ಮಾತು ಬಿಟ್ಟು ಆಗಲೇ ಒಂದು ವಾರವಾಗಿತ್ತು, ಅದು ಅವನಿಗಿನ್ನೂ ಗೊತ್ತಾಗಿರಲಿಲ್ಲ.

ಶೋರೂಮಿನ ಗಾಜಿನ ಬಾಗಿಲ ಹತ್ತಿರ ಅವಳನ್ನು ಬಿಟ್ಟು ಸ್ಫೂರ್ತಿ ಕಾಲೇಜಿಗೆ ಹೋದಳು. ಒಳಗೆ ತಣ್ಣಗಿತ್ತು. "ಬನ್ನಿ ಅಮ್ಮ, ಏನು ತೋರಿಸ್ಲಿ?" ಎಂದು ಬಂದ ದನಿ ಸುರೇಶನದೇ. ಹಾಗೆ ಕೇಳಿದ ಮೇಲೆ ಅವನು ಮುಖ ನೋಡಿದ. ನೀಲಿ ಅಂಗಿ, ಎದೆಯ ಮೇಲೆ ಹೆಸರಿನ ಪಟ್ಟಿ. ಮಲ್ಲಿಕಾಂಬಳಿಗೆ ಆ ಅಂಗಿಯಲ್ಲಿ ಅವನು ಯಾರೋ ಅನ್ನಿಸಿದ.

"ಕೂತ್ಕೊಳ್ಳಿ" ಎಂದ. ಒಂದು ಸೀರೆ ತೆಗೆದು ಬಿಚ್ಚಿ ಹಾಸಿದ.

"ನಂಗೆ ಸೀರೆ ಬೇಡ ಕಣೋ."

"ಮೇಲೆ ಕ್ಯಾಮೆರಾ ಐತಮ್ಮ. ಏನಾದ್ರೂ ತೋರಿಸ್ತಿರ್ಬೇಕು." ಇನ್ನೊಂದು ಬಿಚ್ಚಿದ. "ಸೊಂಟ ಹೆಂಗಿದೆ?"

"ಹಂಗೇ ಇದೆ. ಸುರೇಶ, ನಾನು ಬೇಡ ಅಂದಿರ್ಲಿಲ್ಲ ಕಣೋ. ಊಟ ಸಾಕಾಗಿದೆ ಅಂತ ನಾನು ಯಾರಿಗೂ ಹೇಳ್ಲಿಲ್ಲ. ಅವನೇ ಅಂದ್ಕೊಂಡ, ಅವನೇ ಹೇಳ್ದ."

ಸುರೇಶ ಸೀರೆಯ ಸೆರಗನ್ನು ಕೈಮೇಲೆ ಹಾಕಿಕೊಂಡು ಅದನ್ನು ನೋಡುತ್ತಲೇ ಮಾತಾಡಿದ. "ಆ ಫೋಟೋ ಹಾಕಿದ್ರಲ್ಲ, ಅದಕ್ಕೇ ನಾನು ಬಿಟ್ಟೆ ಅಂತ ಎಲ್ರೂ ಅಂದ್ಕೊಂಡವ್ರೆ. ಅವಮಾನ ಆಗಿದ್ದು ನಿಜ. ಆದ್ರೆ ಯಜಮಾನ್ರು ಕತ್ತೆ ಅಂದಿದ್ದನ್ನೇ ತಡ್ಕೊಂಡೋನು ನಾನು, ಫೋಟೋ ತಡ್ಕೊತಿರ್ಲಿಲ್ವಾ? ನೀವು ಸಾಕು ಅಂದ್ರಿ ಅಂದಾಗ ಮಾತ್ರ ಆಗ್ಲಿಲ್ಲ. ಅವತ್ತಿಂದ ಅಂಗಡೀಲಿ ನಿಂತ್ರೆ ಕಾಲು ನೋವು ಬರ್ತಿತ್ತು. ಮುಂಚೆ ಬರ್ತಿರ್ಲಿಲ್ಲ."

"ಒಂದ್ಸಲ ಒಳಗೆ ಬಂದು ಕೇಳ್ಬಾರದಿತ್ತಾ ನನ್ನ?"

"ಏನಂತ ಕೇಳ್ಲಮ್ಮ? ನಂಗೆ ಅನ್ನ ಹಾಕಿ ಅಂತ ಕೇಳ್ಲಾ?"

"ನೀನು ಕೇಳ್ತೀಯ ಅಂತ ನಾನು ಕಾದೆ ಕಣೋ" ಎಂದಳು.

ನೀಲಿ ಅಂಗಿಯ ಇನ್ನೊಬ್ಬ, ಮೇಲ್ವಿಚಾರಕನಿರಬೇಕು, ಪಕ್ಕದಿಂದ ಹಾದುಹೋದ. ಸುರೇಶ ಬೇಗಬೇಗ ಇನ್ನೆರಡು ಸೀರೆ ಎಳೆದು ಹಾಕಿ, ಇದು ಹೊಸ ಡಿಸೈನ್ ಎಂದು ಗಟ್ಟಿಯಾಗಿ ಹೇಳಿದ.

"ವಾಪಸ್ ಬಾ" ಎಂದಳು ಅವಳು. "ರೇಣು ಸಂಬಳ ಏರಿಸ್ತಾನಂತೆ. ಊಟ ನಾನು ಹಾಕ್ತೀನಿ. ಬಾಗಿಲಿನ ಪೆಟ್ಟಿಗೆ ನಾನೇ ನೂಕ್ತೀನಿ."

"ಬ್ಯಾಡಮ್ಮ."

"ಇಲ್ಲಿ ಚೆನ್ನಾಗಿ ನೋಡ್ಕೋತಾರಾ?"

"ಇಲ್ಲ. ಇವ್ರೂ ಫೋಟೋ ಹಾಕ್ತಾರೆ. ಕೂರೋಕೆ ಸ್ಟೂಲೂ ಇಲ್ಲ. ಡಬ್ಬಿ ತರ್ತೀನಿ, ಮೇಲೆ ಗೋಡೌನಲ್ಲಿ ಒಬ್ನೇ ಕೂತು ತಿಂತೀನಿ." ಅವನ ದನಿ ಮೆತ್ತಗಿತ್ತು. "ಆದ್ರೆ ಇದು ಅಂಗಡಿ ಅಂತ ನಂಗೆ ಗೊತ್ತೈತೆ. ನಾಳೆ ಬ್ಯಾಡ ಅಂದ್ರೆ ಇನ್ನೊಂದು ಅಂಗಡಿ. ನಿಮ್ದನ್ನ ಮನೆ ಅಂದ್ಕೊಂಡಿದ್ದೆ ಅಮ್ಮ. ಇನ್ನೊಂದ್ಸಲ ಹಂಗೆ ಅಂದ್ಕೊಳ್ಳೋ ಶಕ್ತಿ ಇಲ್ಲ."

ಮೇಲ್ವಿಚಾರಕ ತಿರುಗಿ ಬಂದು, "ಏನಾದ್ರೂ ಸೆಲೆಕ್ಟ್ ಆಯ್ತಾ ಮೇಡಂ?" ಎಂದು ಕೇಳಿದ. ಬಿಚ್ಚಿ ಹಾಕಿದ ಸೀರೆಗಳ ರಾಶಿ ದೊಡ್ಡದಾಗಿತ್ತು. ಬರಿಗೈಯಲ್ಲಿ ಎದ್ದುಹೋದರೆ ಬೈಸಿಕೊಳ್ಳುವವನು ಯಾರೆಂದು ಜವಳಿ ಅಂಗಡಿಯವರ ಮನೆಯಾಕೆಗೆ ಗೊತ್ತಿಲ್ಲವೇ. ಮೇಲಿದ್ದದ್ದನ್ನು ಮುಟ್ಟಿ, "ಇದಿರಲಿ" ಎಂದಳು. ಬಣ್ಣ ಯಾವುದೆಂದು ಸಹ ನೋಡಲಿಲ್ಲ. ಸುರೇಶ ಉಳಿದವನ್ನು ಮಡಚತೊಡಗಿದ. ಒಂದೊಂದು ಮಡಿಕೆಯೂ ಪಂಚಾಕ್ಷರಪ್ಪ ಬೈದು ಬೈದು ಕಲಿಸಿದ್ದು.

ಕಡೂರಿಗೆ ಬಂದಾಗ ಊಟದ ಹೊತ್ತು. ಮನೆಗೆ ಹೋಗದೆ ಮಲ್ಲಿಕಾಂಬ ನೇರ ಅಂಗಡಿಯ ಮೆಟ್ಟಿಲು ಹತ್ತಿದಳು. ಗಲ್ಲಾದಲ್ಲಿ ಮಗನೊಬ್ಬನೇ ಕೂತಿದ್ದ. ಎದುರಿಗೆ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ಕ್ಯಾಮೆರಾದ ಪರದೆಯಲ್ಲಿ ಖಾಲಿ ಕೌಂಟರುಗಳು ಕಾಣುತ್ತಿದ್ದವು.

"ಬಿಲ್ಲಿಂಗ್ ಹುಡುಗಿ ಮೆಸೇಜ್ ಹಾಕಿದಾಳೆ" ಎಂದ. "ನಾಳೆಯಿಂದ ಬರಲ್ವಂತೆ. ಸುರೇಶ ಏನಂದ?"

"ಬರಲ್ಲ."

"ಸಂಬಳದ ಮಾತು ಹೇಳಿದ್ಯಾ?"

"ಹೇಳ್ದೆ. ನಾನು ಹೋಗಿದ್ದು ಅದಕ್ಕಲ್ಲ. ನನ್ನ ಹೆಸರಲ್ಲಿ ನೀನು ಹೇಳಿದ್ದು ಸುಳ್ಳು ಅಂತ ಹೇಳೋಕೆ ಹೋಗಿದ್ದೆ."

ರೇಣುಕಪ್ರಸಾದ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅದು... ಮ್ಯಾನೇಜ್‌ಮೆಂಟ್ ನಿಲ್ಲಿಸ್ತು ಅಂದ್ರೆ ಬೇಜಾರಾಗ್ತಾರೆ, ನಿನ್ನ ಹೆಸರು ಹೇಳಿದ್ರೆ ಒಪ್ಕೋತಾರೆ ಅಂದ್ಕೊಂಡೆ. ನಿನ್ನ ಸೊಂಟ ನೋಡಿ ಮಾಡಿದ್ದಮ್ಮ."

"ಸೊಂಟ ನೋಡ್ದೆ. ನನ್ನ ಕೇಳ್ಲಿಲ್ಲ."

"ಅವತ್ತು ಎದುರಿಗೇ ಹೇಳಿದ್ನಲ್ಲ. ನೀನಾದ್ರೂ ಬೇಡ ಅನ್ಬಹುದಿತ್ತು."

ಮಲ್ಲಿಕಾಂಬ ಗಿರಾಕಿಗಳ ಕುರ್ಚಿಯೊಂದರಲ್ಲಿ ಕೂತಳು. ಆ ಅಂಗಡಿಯಲ್ಲಿ ಅವಳು ಕೂತದ್ದು ಅದೇ ಮೊದಲು.

"ಒಂದು ಹೇಳಮ್ಮ" ಎಂದ ಮಗ. "ಅಪ್ಪ ಅಷ್ಟು ಬೈತಿದ್ರು, ಸಂಬಳ ಕಮ್ಮಿ ಕೊಡ್ತಿದ್ರು. ಯಾರೂ ಹೋಗ್ಲಿಲ್ಲ. ನನ್ನ ಹತ್ರ ಯಾಕೆ ಒಬ್ರೂ ನಿಲ್ಲಲ್ಲ?"

ಬೇರೆ ದಿನವಾಗಿದ್ದರೆ ಅವಳು ಸಮಾಧಾನ ಹೇಳುತ್ತಿದ್ದಳು, ಮೊದಲು ಉಣ್ಣು ಅನ್ನುತ್ತಿದ್ದಳು. ಇವತ್ತು ಅನ್ನಲಿಲ್ಲ. "ಇವರು ಹೋಗ್ಬಿಟ್ರೆ ಏನು ಗತಿ ಅಂತ ನಿಮ್ಮಪ್ಪಂಗೆ ದಿನಾ ಭಯ ಇತ್ತು ಕಣೋ. ಬೈದು ಬಂದು ಒಳಗೆ ಹೆದರ್ಕೊಂಡು ಕೂರ್ತಿದ್ರು. ಹೋದ್ರೆ ಇನ್ನೊಬ್ರು ಬರ್ತಾರೆ ಅಂತ ನೀನು ಧೈರ್ಯವಾಗಿದ್ದೆ."

ರೇಣುಕಪ್ರಸಾದ್ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ಈಗ ಭಯ ಆಗ್ತಿದೆಯಮ್ಮ" ಎಂದ.

ಒಳಗಿನ ಕೋಣೆಯಿಂದ ಹುಲಿಯಮ್ಮ ಬಂದು ಗಲ್ಲಾದ ಹತ್ತಿರ ನಿಂತಳು. "ಸಾರ್, ಒಂದು ಮಾತಿತ್ತು."

ರೇಣುಕಪ್ರಸಾದ್ ಎದ್ದು ನಿಂತ. ಮಲ್ಲಿಕಾಂಬಳೂ ಕುರ್ಚಿಯಿಂದ ಎದ್ದಳು.

"ಹೇಳಿ ಹುಲಿಯಮ್ಮ."

"ನಾಳೆ ಒಂದಿನ ರಜ ಬೇಕಾಗಿತ್ತು. ಅಜ್ಜಂಪುರದಾಗೆ ಮಗಳ ಮನೆಗೆ ಹೋಗ್ಬೇಕು."

"ಹೋಗ್ಬನ್ನಿ. ಧಾರಾಳವಾಗಿ ಹೋಗ್ಬನ್ನಿ" ಎಂದ. ಆಮೇಲೆ ಕೇಳಿದ, "ನಾಡಿದ್ದು ಬರ್ತೀರಲ್ಲ?"

ಆ ಅಂಗಡಿಯಲ್ಲಿ ಹುಲಿಯಮ್ಮನನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವಳು ಮಗನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು. ಇಬ್ಬರೂ ನಿಂತೇ ಇದ್ದರು.

"ನೋಡಾಣ" ಎಂದು ಹೇಳಿ, ಸೆರಗು ಸರಿಮಾಡಿಕೊಂಡು, ಮೆಟ್ಟಿಲಿಳಿದು ಊಟಕ್ಕೆ ಹೋಟೆಲಿನ ಕಡೆ ನಡೆದಳು.